ದುರ್ಗದ ಕಲ್ಲಿನಿಂದ ಡೂಮ್ ಗೋಡೆ: ಎರಡು ತಿಂಗಳು ಸ್ಲೇಡ್ ಬಳಸಿದ ಮೇಲೆ

ನಾನಿರುವುದು ದಾವಣಗೆರೆಯಲ್ಲಿ. ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನ್ ಕೆಲಸ. ವಾಟ್ಸಾಪ್‌ನಲ್ಲಿ ಬಂದ ಮಸುಕು ಫೋಟೋವನ್ನು ಹತ್ತು ಅಡಿ, ಇಪ್ಪತ್ತು ಅಡಿಗೆ ಹಿಗ್ಗಿಸಿ, ಒಬ್ಬ ಲೀಡರ್ ಮುಖದ ಸುತ್ತ ಹದಿನೈದು ಬೆಂಬಲಿಗರ ಮುಖ ಅಂಟಿಸುವುದೇ ದಿನದ ಪಾಡು. ರಾತ್ರಿ ಮನೆಗೆ ಬಂದು ಮಾಡುತ್ತಿರುವುದು ಇದರ ಉಲ್ಟಾ. ನಾಲ್ಕು ಎಂಬಿ ಫೋಟೋವನ್ನು 4096 ಬೈಟಿಗೆ ಇಳಿಸುವುದು. ಡೂಮ್ ಆಟದಲ್ಲಿ ನೆಲಕ್ಕೆ ಹಾಸುವ ಒಂದು ಚಿತ್ರ ಅಂದರೆ 64ಕ್ಕೆ 64 ಚುಕ್ಕಿ (ಪಿಕ್ಸೆಲ್), ಚುಕ್ಕಿಗೊಂದು ಬೈಟು, ಅಷ್ಟೇ. ಹೌದು, 1993ರ ಡಿಸೆಂಬರಿನಲ್ಲಿ ಬಂತಲ್ಲ, ಬಂದೂಕು ಹಿಡಿದು ಸುತ್ತುವ ಕಂಪ್ಯೂಟರ್ ಆಟ, ಅದೇ ಡೂಮ್.

ಶುರುವಾಗಿದ್ದು ಹೀಗೆ. ಅಕ್ಕನ ಮಗ ರಜೆಗೆ ಬಂದಿದ್ದ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅವನಾಡುವ ಆಟ ಯಾವುದೂ ಓಡುವುದಿಲ್ಲ, ಹಾಗಾಗಿ ಡೂಮ್ ಹಾಕಿಕೊಟ್ಟೆ. ಅರ್ಧ ಗಂಟೆ ಆಡಿ, "ಮಾಮಾ, ಇದು ಚಿತ್ರದುರ್ಗದ ಕೋಟೆ ಥರ ಇದೆ, ತಿರುಗಿ ತಿರುಗಿ ಹೋದರೂ ಮತ್ತೆ ಬಾಗಿಲೇ ಬರುತ್ತೆ" ಅಂದ. ಅವನು ಸುಮ್ನೆ ಅಂದಿದ್ದು, ನನಗೆ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಏಳು ಸುತ್ತಿನ ಕೋಟೆ, ಸೊಟ್ಟ ಸೊಟ್ಟ ದಾರಿ, ಕಿಂಡಿ, ಹೊಂಡ, ಒಳಗೆ ನುಗ್ಗುವ ಹೈದರಾಲಿಯ ಸೈನಿಕರು, ಕೈಯಲ್ಲಿ ಬಂದೂಕದ ಬದಲು ಒನಕೆ. ನಿಜ ಹೇಳಿ, ಇದಕ್ಕಿಂತ ಒಳ್ಳೆಯ ಡೂಮ್ ಮ್ಯಾಪ್, ಅಂದರೆ ಆಟ ನಡೆಯುವ ಜಾಗ, ಇರುತ್ತಾ?

ಮ್ಯಾಪ್ ಕಟ್ಟುವುದು ಬೇರೆಯೇ ಕತೆ, ಅದು ಇನ್ನೊಮ್ಮೆ. ಇಲ್ಲಿ ಹೇಳಲು ಹೊರಟಿದ್ದು ಫೋಟೋಗಳನ್ನು ಗುಡ್ಡೆಗಟ್ಟಲೆ ಆಟದ ಚಿತ್ರಗಳಾಗಿ ಬದಲಿಸಲು ನಾನು ಬಳಸಿದ ಸ್ಲೇಡ್ ಎಂಬ ತಂತ್ರಾಂಶದ ಬಗ್ಗೆ. ಕಾಸಿಲ್ಲ, ಓಪನ್ ಸೋರ್ಸ್, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಸಿಗುತ್ತದೆ. ಡೂಮ್ ತನ್ನ ಸಾಮಾನನ್ನೆಲ್ಲ ವ್ಯಾಡ್ ಎಂಬ ಒಂದೇ ಫೈಲಿನಲ್ಲಿ ಮೂಟೆ ಕಟ್ಟಿ ಇಡುತ್ತದೆ. ಆ ಮೂಟೆ ಬಿಚ್ಚಿ, ಒಳಗಿನದು ತೆಗೆದು, ಹೊಸದು ತುಂಬಿ, ಮತ್ತೆ ಕಟ್ಟುವ ಕೆಲಸ ಸ್ಲೇಡಿನದು.

ಡೂಮ್ ಆಡಿಸುವ ಈಗಿನ ತಂತ್ರಾಂಶ ಜೀಝಡ್‌ಡೂಮ್ ಪಿಎನ್‌ಜಿ ಚಿತ್ರವನ್ನು ಹಾಗೇ ಓದುತ್ತದಲ್ಲ, ಬದಲಿಸುವ ಗೋಜು ಯಾಕೆ ಅಂತ ಕೇಳಬಹುದು. ಸರಿಯೇ. ಆದರೆ ನನಗೆ ಇದು ಚಾಕೊಲೇಟ್ ಡೂಮ್‌ನಲ್ಲಿ ಓಡಬೇಕಿತ್ತು, ಅದು ಹಳೇ ಆಟದ ಮಿತಿಗಳನ್ನೆಲ್ಲ ಹಾಗೇ ಉಳಿಸಿಕೊಂಡಿರುವ ಆವೃತ್ತಿ. ಇನ್ನೊಂದು ಕಾರಣ ಸ್ವಲ್ಪ ಹಟದ್ದು. ಲಕ್ಷಗಟ್ಟಲೆ ಬಣ್ಣದ ಫೋಟೋವನ್ನು ಡೂಮ್ ಗೋಡೆಗೆ ಅಂಟಿಸಿ ನೋಡಿ, ಹಳೇ ಗುಡಿಯ ಕಂಬಕ್ಕೆ ಫ್ಲೆಕ್ಸ್ ಕಟ್ಟಿದ ಹಾಗೆ ಕಾಣುತ್ತದೆ. ನನಗೆ ಅಂಗಡಿಯಲ್ಲಿ ನೋಡುವ ಫ್ಲೆಕ್ಸೇ ಸಾಕು.

ಮೊದಲ ದಿನ ಅರವತ್ತು ಫೋಟೋ ಎಳೆದು ಸ್ಲೇಡಿನೊಳಗೆ ಬಿಟ್ಟೆ. ಎಳೆದು ಬಿಟ್ಟರೆ ಸಾಕು, ಒಳಗೆ ಬರುತ್ತವೆ, ಅದೊಂದು ಸುಖ. ಬಂದವು. ಎಲ್ಲದಕ್ಕೂ ಒಂದೇ ಹೆಸರು! ವ್ಯಾಡ್‌ನಲ್ಲಿ ಹೆಸರು ಎಂಟು ಅಕ್ಷರ ದಾಟುವಂತಿಲ್ಲ. ನನ್ನ ಫೋನ್ ಇಡುವ ಹೆಸರು ಐಎಂಜಿ, ಒಂದು ಅಡಿಗೆರೆ, ಆಮೇಲೆ ವರ್ಷ, ತಿಂಗಳು, ದಿನ, ಗಂಟೆ ಅಂತ ಉದ್ದಕ್ಕೆ ಹೋಗುತ್ತದೆ. ಎಂಟಕ್ಕೆ ಕತ್ತರಿಸಿದರೆ ವರ್ಷಕ್ಕೇ ನಿಲ್ಲುತ್ತದೆ. ಒಂದೇ ಹೆಸರಿನವು ಎಷ್ಟಿದ್ದರೂ ಆಟ ಕೊನೆಯದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಹಾಗಾಗಿ ನನ್ನ ಕೋಟೆಯ ಗೋಡೆ ತುಂಬ ಕಂಡಿದ್ದು ನಾನು ಕೊನೆಗೆ ತೆಗೆದ ಫೋಟೋ. ಅದು ಕಲ್ಲಲ್ಲ, ಪಾರ್ಕಿಂಗ್ ಹತ್ತಿರ ನಿಲ್ಲಿಸಿದ್ದ ನನ್ನ ಬೈಕು. ಇದು ಸ್ಲೇಡಿನ ತಪ್ಪಲ್ಲ, ಮೂವತ್ತು ವರ್ಷ ಹಿಂದಿನ ಫೈಲಿನ ಕಟ್ಟು. ಆದರೂ "ಅರವತ್ತಕ್ಕೂ ಒಂದೇ ಹೆಸರು ಬಂತಪ್ಪಾ" ಅಂತ ಒಂದು ಮಾತು ಕೂಗಿ ಹೇಳಿದ್ದರೆ ಚೆನ್ನಾಗಿತ್ತು, ಅಲ್ವಾ?

ಅವತ್ತಿನಿಂದ ಹೆಸರಿನ ಕೆಲಸ ಮೊದಲು, ಅದೂ ಫೋಟೋ ನೋಡುವ ತಂತ್ರಾಂಶ ಇರ್ಫಾನ್‌ವ್ಯೂನಲ್ಲಿ. ಮನೆಬಳಕೆಗೆ ಅದು ಪುಕ್ಕಟೆ. ಬಿ ಕೀಲಿ ಒತ್ತಿದರೆ ಬ್ಯಾಚ್ ಕಿಟಕಿ, ಅಂದರೆ ಎಷ್ಟೋ ಫೋಟೋಗಳನ್ನು ಒಟ್ಟಿಗೆ ಬದಲಿಸುವ ಕಿಟಕಿ, ತೆರೆಯುತ್ತದೆ, ಹೆಸರಿನ ಜಾಗದಲ್ಲಿ ಮೂರು ಹ್ಯಾಷ್ ಗುರುತು ಹಾಕಿದರೆ 001ರಿಂದ ತಾನೇ ಎಣಿಸಿಕೊಂಡು ಹೋಗುತ್ತದೆ. ದುರ್ಗ ಅಂತ ಇಂಗ್ಲಿಷಿನಲ್ಲಿ ಬರೆದರೆ ಐದು ಅಕ್ಷರ, ಹಿಂದೆ ಮೂರು ಅಂಕಿ. ಲೆಕ್ಕ ಹಾಕಿಸಿಟ್ಟ ಹಾಗೆ ಎಂಟು! ನಮ್ಮೂರಿನ ಹೆಸರು ಈ ಫಾರ್ಮ್ಯಾಟಿಗೆ ಹಿಡಿಸುವುದೇ ಇಲ್ಲ ನೋಡಿ, ದಾವಣಗೆರೆ ಅಂತ ಪೂರ್ತಿ ಬರೆಯುವಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಇನ್ನು ಅಳತೆ. ಸ್ಲೇಡ್ ಚಿತ್ರದ ಜಾತಿ ಬದಲಿಸುತ್ತದೆ, ಗಾತ್ರ ಇಳಿಸುವ ಕೆಲಸ ನೀವೇ ಮುಂಚೆ ಮುಗಿಸಿಕೊಂಡು ಬರಬೇಕು. ಗೋಡೆಗೆ 128ಕ್ಕೆ 128, ನೆಲಕ್ಕೆ 64ಕ್ಕೆ 64. ಇದಕ್ಕೆ ನಾನು ಚಿತ್ರ ಬದಲಿಸುವ ತಂತ್ರಾಂಶ ಇಮೇಜ್‌ಮ್ಯಾಜಿಕ್ ಹಿಡಿದೆ. ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದರೆ ಒಂದು ಇಡೀ ಫೋಲ್ಡರ್ ಮುಗಿದುಹೋಗುತ್ತದೆ, ಅಂಗಡಿಯಲ್ಲಿ ಇದು ಮೊದಲೇ ಗೊತ್ತಿದ್ದರೆ ಎಷ್ಟು ರಾತ್ರಿಗಳು ಉಳಿಯುತ್ತಿದ್ದವೋ! ಅದರಲ್ಲಿ ಮಾಗ್ರಿಫೈ ಅಂತ ಒಂದು ಆಜ್ಞೆ ಇದೆ. ಹೊಸ ಫೈಲು ಎಲ್ಲಿಗೆ ಹೋಗಬೇಕು ಅಂತ ಬೇರೆ ಫೋಲ್ಡರ್ ತೋರಿಸದಿದ್ದರೆ ಮೂಲ ಫೈಲಿನ ಮೇಲೇ ಬರೆದುಬಿಡುತ್ತದೆ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿದ್ದು ಆಮೇಲೆ. ಫೋನಿನಲ್ಲಿ ಜಾಗ ಇಲ್ಲ ಅಂತ ಅಲ್ಲಿಂದಲೂ ಅಳಿಸಿದ್ದೆ. ಅರವತ್ತೂ ಫೋಟೋ ಅಂಚೆ ಚೀಟಿಯಷ್ಟಾಗಿ ಕೂತಿದ್ದವು. ಅದೂ ಅಡ್ಡ ಫೋಟೋವನ್ನು ಚೌಕ ಮಾಡದೆ ಒತ್ತಿದ್ದರಿಂದ ಕಲ್ಲೆಲ್ಲ ಕಂಬದ ಹಾಗೆ ಸಣ್ಣಗೆ. ಇನ್ನೊಂದು ಮಾತು: ಹಳೇ ಪಾಠಗಳನ್ನು ನೋಡಿ ವಿಂಡೋಸ್‌ನಲ್ಲಿ ಕನ್ವರ್ಟ್ ಅಂತ ಟೈಪ್ ಮಾಡಲು ಹೋಗಬೇಡಿ. ಅದೇ ಹೆಸರಿನಲ್ಲಿ ವಿಂಡೋಸಿನದೇ ಒಂದು ಆಜ್ಞೆ ಇದೆ, ಅದು ಡಿಸ್ಕಿನ ಫೈಲ್ ಕಟ್ಟನ್ನು ಫ್ಯಾಟ್‌ನಿಂದ ಎನ್‌ಟಿಎಫ್‌ಎಸ್‌ಗೆ ಬದಲಿಸುವುದು. ಈಗಿನ ಆವೃತ್ತಿಯಲ್ಲಿ ಮ್ಯಾಜಿಕ್ ಅಂತ ಶುರು ಮಾಡಬೇಕು.

ಸರಿ, ಮುಂದಿನ ಭಾನುವಾರ ಮತ್ತೆ ದುರ್ಗಕ್ಕೆ. ನಮ್ಮೂರಿನಿಂದ ಹೈವೇಯಲ್ಲಿ ಅರವತ್ತು ಕಿಲೋಮೀಟರ್ ಸುಮಾರು, ದೊಡ್ಡದೇನಲ್ಲ. ಬೆಳಗ್ಗೆ ಬೇಗ ಹೋದೆ, ಮೋಡ ಬೇರೆ ಇತ್ತು. ಮೊದಲ ಸಲ ಮಟಮಟ ಮಧ್ಯಾಹ್ನ ತೆಗೆದಿದ್ದೆ, ಪ್ರತಿ ಕಲ್ಲಿನ ಕೆಳಗೂ ಕಪ್ಪು ನೆರಳು. ಆ ನೆರಳು ಗೋಡೆಯುದ್ದಕ್ಕೂ ಹತ್ತು ಸಲ ಸಾಲಾಗಿ ಬಂದರೆ ಮಗ್ಗದ ಸೀರೆ ಅಂಚಿನ ಹಾಗೆ ಎದ್ದು ಕಾಣುತ್ತದೆ. ಮೋಡದ ಬೆಳಕಿನಲ್ಲಿ ತೆಗೆದವು ಸಮನಾಗಿ ಬಂದವು. ಮಾಗ್ರಿಫೈ ಮಾಡಿದ ಅನಾಹುತದಿಂದ ಆದ ಒಳ್ಳೆಯದು ಅದೊಂದೇ. ವಾಪಸ್ ಬಂದು ಬೆಣ್ಣೆ ದೋಸೆ ತಿಂದು ಕೂತೆ.

ಈಗ ಅಸಲು ವಿಷಯ, ಸ್ಲೇಡಿನ ಬದಲಿಸುವ ಕಿಟಕಿ. ಪಟ್ಟಿಯಲ್ಲಿ ಎಷ್ಟು ಬೇಕೋ ಅಷ್ಟು ಚಿತ್ರ ಆರಿಸಿ, ರೈಟ್ ಕ್ಲಿಕ್ ಮಾಡಿ, ಗ್ರಾಫಿಕ್ಸ್ ಮೆನುವಿನಲ್ಲಿ ಕನ್ವರ್ಟ್ ಟು ಒತ್ತಬೇಕು. ಎಡಕ್ಕೆ ಈಗಿನ ಚಿತ್ರ, ಬಲಕ್ಕೆ ಬದಲಾದ ಮೇಲೆ ಹೇಗೆ ಕಾಣುತ್ತದೆ ಅನ್ನುವುದು. ಕೆಳಗೆ ಇದೊಂದನ್ನು ಬದಲಿಸು, ಎಲ್ಲವನ್ನೂ ಬದಲಿಸು, ಇದನ್ನು ಬಿಡು ಎನ್ನುವ ಗುಂಡಿಗಳು. ನನಗೆ ಈ ತಂತ್ರಾಂಶದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಬೇರೆ ಬ್ಯಾಚ್ ಸಾಧನಗಳು ಹಿಟ್ಟಿನ ಗಿರಣಿ ಇದ್ದ ಹಾಗೆ, ಮೇಲೆ ಸುರಿದರೆ ಕೆಳಗೆ ಬೀಳುತ್ತದೆ, ಏನು ಬಿತ್ತು ಅನ್ನುವುದು ಆಮೇಲೆ. ಇದು ಒಂದೊಂದನ್ನೂ ಕಣ್ಣ ಮುಂದೆ ಹಿಡಿದು ತೋರಿಸುತ್ತದೆ, ಸಾಕು ಅನ್ನಿಸಿದಾಗ ಉಳಿದದ್ದೆಲ್ಲ ಒಂದೇ ಏಟಿಗೆ.

ಹಾಗಂತ ಮೊದಲನೆಯದು ಚೆನ್ನಾಗಿ ಬಂತು ಅಂತ ಎಲ್ಲವನ್ನೂ ಬದಲಿಸು ಒತ್ತಬೇಡಿ. ನನ್ನ ಅನುಭವದಲ್ಲಿ ಐದಾರನ್ನು ಕೈಯಾರೆ ನೋಡಬೇಕು, ಅದರಲ್ಲೂ ತೀರಾ ಕಪ್ಪಿರುವುದೊಂದು, ಆಕಾಶ ಇರುವುದೊಂದು, ಹಸಿರಿರುವುದೊಂದು. ಯಾಕೆ ಅಂದರೆ ಪ್ಯಾಲೆಟ್, ಅಂದರೆ ಆಟಕ್ಕೆ ಸಿಗುವ ಬಣ್ಣಗಳ ಪಟ್ಟಿ.

ಡೂಮ್‌ಗೆ ಗೊತ್ತಿರುವುದು 256 ಬಣ್ಣ. ಅದರಲ್ಲಿ ಕಂದು, ಬೂದು, ಕೆಂಪು ಧಾರಾಳ. ಹಾಗಾಗಿ ದುರ್ಗದ ಕಲ್ಲು ಅದರೊಳಗೆ ಸಕ್ಕರೆ ಹಾಲಿನಲ್ಲಿ ಕರಗಿದ ಹಾಗೆ ಕರಗಿತು. ಬತೇರಿಯ (ಕಾವಲು ಬುರುಜಿನ) ಗೋಡೆ, ಬಾಗಿಲ ಪಕ್ಕದ ಚಪ್ಪಡಿ, ಮದ್ದು ಬೀಸುವ ಕಲ್ಲು, ಹೊಂಡದ ಮೆಟ್ಟಿಲು, ಯಾವುದನ್ನು ಹಾಕಿದರೂ ಆಟದವರೇ ಬರೆದಿಟ್ಟ ಹಾಗಿದೆ. ಬಣ್ಣದಲ್ಲಿ ಒಂದನ್ನೂ ತಿದ್ದಬೇಕಾಗಲಿಲ್ಲ. ಆಕಾಶ ಮಾತ್ರ ಕೈಕೊಟ್ಟಿತು. ಅದರಲ್ಲಿರುವ ನೀಲಿ ಒಂದೋ ಸಿನಿಮಾ ಪೋಸ್ಟರಿನ ಗಾಢ ನೀಲಿ, ಇಲ್ಲವೇ ನೇರಳೆಗೆ ತಿರುಗಿದ ತೆಳು ನೀಲಿ, ನಮ್ಮ ಕಡೆಯ ಬಿಸಿಲಿಗೆ ಬಿಳಿಚಿದ ತೆಳು ನೀಲಿ ಅದರಲ್ಲಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತ ಒಂದು ಚಂದದ ಫೋಟೋ ಇತ್ತು, ಬದಲಿಸಿದ ಮೇಲೆ ಬೂದು ಪಟ್ಟೆ, ನೇರಳೆಯಂಥ ಪಟ್ಟೆ, ಮತ್ತೆ ಬೂದು ಪಟ್ಟೆ. ರೆಕ್ಕೆಗಳಂತೂ ಎರಡು ಚುಕ್ಕಿ ದಪ್ಪಕ್ಕೆ ಬಂದು ಹಲ್ಲುಕಡ್ಡಿ ಚುಚ್ಚಿದ ಹಾಗೆ. ಇಮೇಜ್‌ಮ್ಯಾಜಿಕ್‌ಗೇ ಡೂಮ್ ಪ್ಯಾಲೆಟ್ ಕೊಟ್ಟು ರೀಮ್ಯಾಪ್ ಮಾಡಿಸಿದರೆ, ಅಂದರೆ ಆ ಬಣ್ಣಗಳಿಗೆ ಹೊಂದಿಸಿದರೆ, ಅದು ಚುಕ್ಕಿಗಳನ್ನು ಬೆರೆಸಿ ಡಿದರಿಂಗ್ ಮಾಡುತ್ತದೆ, ಆಕಾಶಕ್ಕೆ ಅದು ವಾಸಿ. ಕಲ್ಲಿಗೆ ಬೇಡ, ಕಲ್ಲು ಮರಳು ಎರಚಿದ ಹಾಗಾಗುತ್ತದೆ, ಅಲ್ಲಿ ಡಿದರ್ ಬೇಡ ಅನ್ನುವ ಆಯ್ಕೆ ಕೊಟ್ಟು ಓಡಿಸಿ. ಸ್ಲೇಡಿನ ಸೆಟ್ಟಿಂಗ್ಸ್‌ನಲ್ಲೂ ಹತ್ತಿರದ ಬಣ್ಣವನ್ನು ಯಾವ ಲೆಕ್ಕದಲ್ಲಿ ಹುಡುಕಬೇಕು ಅಂತ ಆರಿಸಿಕೊಳ್ಳಬಹುದು. ಎರಡು ಮೂರು ಹಾಕಿ ನೋಡಿದೆ, ಕಲ್ಲಿನಲ್ಲಿ ನನ್ನ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಮೈಬಣ್ಣದಲ್ಲಿ ಕಂಡಿತು.

ಕಪ್ಪಿನ ವಿಷಯವೂ ಹೇಳಿಬಿಡುತ್ತೇನೆ. ಡೂಮ್‌ನಲ್ಲಿ ಕತ್ತಲೆಗೆ 32 ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಯಾವ ಬಣ್ಣ ಯಾವುದಾಗಬೇಕು ಅಂತ ಮೊದಲೇ ಪಟ್ಟಿ ಮಾಡಿಟ್ಟಿದ್ದಾರೆ. ಹಾಗಾಗಿ ಫೋಟೋ ಮೊದಲೇ ಕಪ್ಪಾಗಿದ್ದರೆ ಆಟದಲ್ಲಿ ನಾಲ್ಕು ಹೆಜ್ಜೆ ದೂರ ಹೋದರೆ ಮಸಿ. ಕಿಂಡಿಯ ಒಳಗಿನ ಬಂಡೆಯ ಚಿತ್ರ ಹಾಗೇ ಆಯಿತು. ಬದಲಿಸುವ ಮುಂಚೆಯೇ ಸ್ವಲ್ಪ ಬೆಳಕು ಏರಿಸಿಕೊಳ್ಳಿ. ಒಂದು ಸಲ ಪ್ಯಾಲೆಟ್ ಪಟ್ಟಿಯಲ್ಲಿ ನನಗೆ ತಿಳಿಯದೆ ಹೆರೆಟಿಕ್ ಆಟದ್ದು ಆರಿಸಿಕೊಂಡಿತ್ತು, ಇಡೀ ಕೋಟೆ ಹೋಳಿ ಆಡಿದ ಹಾಗೆ ಬಂತು. ಕಿಟಕಿಯಲ್ಲಿ ಪ್ಯಾಲೆಟ್ ಹೆಸರು ಕಾಣುತ್ತಲೇ ಇರುತ್ತದೆ, ನೋಡುವ ತಾಳ್ಮೆ ಬೇಕಷ್ಟೆ.

ಇನ್ನೊಂದು ಗುಟ್ಟು, ಇದು ಯಾವ ಗುಂಡಿಯಲ್ಲೂ ಇಲ್ಲ. ಹಳೇ ಆಟ 320ಕ್ಕೆ 200 ಚುಕ್ಕಿಯಲ್ಲಿ ಬರೆದು ಅದನ್ನು ನಾಲ್ಕಕ್ಕೆ ಮೂರರ ಪರದೆಗೆ ಎಳೆಯುತ್ತದೆ. ಹಾಗಾಗಿ ಪ್ರತಿ ಚುಕ್ಕಿಯೂ ಅಗಲಕ್ಕಿಂತ ಐದರಲ್ಲಿ ಒಂದು ಪಾಲು ಎತ್ತರ ಜಾಸ್ತಿ. ಗೋಡೆಗೆ ನಡೆಯುತ್ತದೆ, ಮನುಷ್ಯನಿಗೆ ನಡೆಯುವುದಿಲ್ಲ. ಅಕ್ಕನ ಮಗನಿಗೆ ಪಂಚೆ ಉಡಿಸಿ, ತಲೆಗೆ ಟವೆಲ್ ಸುತ್ತಿ, ಸೈನಿಕನ ವೇಷ ಹಾಕಿ ಫೋಟೋ ತೆಗೆದಿದ್ದೆ, ಆಟದಲ್ಲಿ ನೋಡಿದರೆ ಜೋಳದ ದಂಟು. ಎತ್ತರವನ್ನು ನೂರಕ್ಕೆ 83ರಷ್ಟಕ್ಕೆ ಇಳಿಸಿಕೊಂಡು ಒಳಗೆ ಹಾಕಿದ ಮೇಲೆ ಹುಡುಗ ಹುಡುಗನಾದ.

ಈ ವೇಷದ ಕೆಲಸದಲ್ಲೇ ಬ್ಯಾಚ್ ಬೆಲೆ ಗೊತ್ತಾಗುವುದು. ಒಬ್ಬ ಸೈನಿಕ ಎಂಟು ದಿಕ್ಕಿನಿಂದಲೂ ಕಾಣಬೇಕು. ಎಡದ್ದನ್ನೇ ಕನ್ನಡಿಯಲ್ಲಿ ತಿರುಗಿಸಿ ಬಲಕ್ಕೆ ಬಳಸಿದರೂ ಭಂಗಿಗೆ ಐದು ಫೋಟೋ. ನಡೆಯುವುದು, ಗುರಿ ಇಡುವುದು, ಬೀಳುವುದು ಎಲ್ಲ ಸೇರಿ ಐವತ್ತರ ಹತ್ತಿರ ಹೋಗುತ್ತದೆ. ಹಿಂದೆ ಅಮ್ಮನ ಹಸಿರು ಸೀರೆ ಕಟ್ಟಿ ತೆಗೆದು, ಹಸಿರನ್ನು ಅಳಿಸಿ, ಎಲ್ಲವನ್ನೂ ಒಟ್ಟಿಗೆ ಸ್ಲೇಡಿಗೆ ಕೊಟ್ಟೆ. ಅಂಚಿನಲ್ಲೆಲ್ಲ ಹಸಿರು ದಾರ ಎಳೆದ ಹಾಗಿತ್ತು. ಡೂಮ್‌ಗೆ ಚುಕ್ಕಿ ಇದೆ ಅಥವಾ ಇಲ್ಲ, ಅರ್ಧ ಕಾಣುವುದು ಅನ್ನುವುದು ಗೊತ್ತಿಲ್ಲ. ಅಂಚಿನ ಅರೆಬರೆ ಚುಕ್ಕಿಗಳೂ ಗಟ್ಟಿಯಾಗಿ ನಿಂತಿದ್ದವು. ಬದಲಿಸುವ ಕಿಟಕಿಯಲ್ಲೇ ಇದಕ್ಕೊಂದು ಸ್ಲೈಡರ್ ಇದೆ, ಅದನ್ನು 128ರ ಆಸುಪಾಸಿಗೆ ತಂದು ಎಲ್ಲವನ್ನೂ ಬದಲಿಸು ಒತ್ತಿದೆ, ಐವತ್ತೂ ಒಂದೇ ಸಲಕ್ಕೆ ಶುದ್ಧ. ಫೋಟೋಶಾಪಿನಲ್ಲಿ ಒಂದೊಂದನ್ನೂ ಉಜ್ಜುತ್ತಾ ಕೂತಿದ್ದರೆ ದೀಪಾವಳಿ ಬರುತ್ತಿತ್ತು.

ಆಮೇಲೆ ಆಫ್‌ಸೆಟ್. ಚಿತ್ರದ ಯಾವ ಚುಕ್ಕಿ ನೆಲಕ್ಕೆ ತಾಗಬೇಕು ಅನ್ನುವ ಲೆಕ್ಕ ಅದು. ಅದಿಲ್ಲದಿದ್ದರೆ ಸೈನಿಕ ನಿಲ್ಲಬೇಕಾದ ಜಾಗ ಬಿಟ್ಟು ಕೆಳಕ್ಕೆ ಸರಿದಿರುತ್ತಾನೆ. ಎಲ್ಲವನ್ನೂ ಆರಿಸಿ, ಆಫ್‌ಸೆಟ್ ಬದಲಿಸು ಅಂತ ಹೋಗಿ, ಮಾನ್‌ಸ್ಟರ್ ಅಂತ ಆರಿಸಿದರೆ ಅಷ್ಟೂ ಚಿತ್ರ ನೆಟ್ಟಗೆ ನಿಲ್ಲುತ್ತವೆ. ಈ ಒಂದು ಸೌಲಭ್ಯಕ್ಕೇ ಪೂರ್ತಿ ಅಂಕ ಕೊಡಬಹುದು. ಕೈಯಲ್ಲಿ ಹಿಡಿಯುವ ಆಯುಧಕ್ಕೂ ಹಾಗೇ ಒಂದು ಆಯ್ಕೆ ಇದೆ, ಆದರೆ ಅದನ್ನು ಪೂರ್ತಿ ನಂಬಬೇಡಿ. ಒನಕೆ ಬೀಸುವ ನಾಲ್ಕು ಚಿತ್ರವನ್ನೂ ಅದು ಪರದೆಯ ಕೆಳಗೆ ಸರಿಯಾಗಿ ನಡುವೆ ಕೂರಿಸಿತು. ಬೀಸಿದ ಹಾಗೇ ಕಾಣಲಿಲ್ಲ, ಒಂದೇ ಜಾಗದಲ್ಲಿ ಮಿಣಮಿಣ ಅಂದ ಹಾಗಿತ್ತು. ಆ ನಾಲ್ಕನ್ನು ಮೌಸಿನಲ್ಲಿ ಹಿಡಿದು ಎಳೆದು ಕೂರಿಸಿಕೊಂಡೆ, ಅದಕ್ಕೂ ಅಲ್ಲೇ ಅನುಕೂಲ ಇದೆ.

ತಕರಾರು ಇಲ್ಲದಿಲ್ಲ. ಮೆನುಗಳು ಗೊತ್ತಿದ್ದವರಿಗೆ ಮಾತ್ರ. ಗೋಡೆಯ ಚಿತ್ರ ಬದಲಿಸಿ ಒಳಗಿಟ್ಟರೆ ಮುಗಿಯಲಿಲ್ಲ, ಅದನ್ನು ಪ್ಯಾಚ್ (ಗೋಡೆಗೆ ಬಳಸುವ ಚಿತ್ರದ ತುಂಡು) ಪಟ್ಟಿಗೆ ಸೇರಿಸಬೇಕು, ಆಮೇಲೆ ಟೆಕ್ಸ್ಚರ್ (ಗೋಡೆಯ ಪೂರ್ತಿ ಚಿತ್ರ) ಪಟ್ಟಿಗೆ, ನೆಲದ್ದಾದರೆ ಮೊದಲು ಕೊನೆ ತೋರಿಸುವ ಎಫ್ ಗುರುತುಗಳ ನಡುವೆ ಇಡಬೇಕು. ಸೇರಿಸುವ ಗುಂಡಿಗಳೆಲ್ಲ ಇವೆ, ಎಲ್ಲವನ್ನೂ ಒಟ್ಟಿಗೆ ಸೇರಿಸುತ್ತವೆ ಕೂಡ, ಆದರೆ ಸೇರಿಸಬೇಕು ಅಂತ ಹೊಸಬನಿಗೆ ಹೇಳುವವರು ಯಾರು? ಸರ್ಕಾರಿ ಕಚೇರಿಯಲ್ಲಿ ಅರ್ಜಿ ಒಂದು ಟೇಬಲ್, ಸಹಿ ಇನ್ನೊಂದು ಟೇಬಲ್ ಇದ್ದ ಹಾಗೆ. ಚಾಕೊಲೇಟ್ ಡೂಮ್‌ನಲ್ಲಿ ಸೈನಿಕರ ಚಿತ್ರ ಬರದಿದ್ದಾಗ ಎರಡು ರಾತ್ರಿ ಸ್ಲೇಡನ್ನು ಬೈದೆ, ಕೊನೆಗೆ ನೋಡಿದರೆ ಆಟ ಶುರು ಮಾಡುವಾಗ ಫೈಲ್ ಅನ್ನುವ ಬದಲು ಮರ್ಜ್ ಅಂತ ಕೊಡಬೇಕಿತ್ತು. ಅದಕ್ಕೆ ಪಾಪ ಸ್ಲೇಡ್ ಏನು ಮಾಡುತ್ತದೆ.

ನಾಲ್ಕೈದು ಚಿತ್ರ ಮಾತ್ರ ಬದಲಿಸುವವರು, ಜೀಝಡ್‌ಡೂಮ್‌ನಲ್ಲೇ ಆಡುವವರು, ಇಷ್ಟೆಲ್ಲ ಮಾಡುವುದು ಬೇಡ, ಪಿಎನ್‌ಜಿ ಹಾಕಿ ಆರಾಮಾಗಿರಿ. ಐವತ್ತು ನೂರರ ಲೆಕ್ಕದಲ್ಲಿ, ಹಳೇ ಆಟದ ಹಳೇ ರೂಪಕ್ಕೇ ಮಾಡುವವರಿಗೆ ಇದನ್ನು ಬಿಟ್ಟು ಬೇರೆ ಕಡೆ ಹೋಗಿ ಅಂತ ನಾನು ಹೇಳುವುದಿಲ್ಲ. ಹೆಸರು ಇರ್ಫಾನ್‌ವ್ಯೂನಲ್ಲಿ, ಅಳತೆ ಇಮೇಜ್‌ಮ್ಯಾಜಿಕ್‌ನಲ್ಲಿ, ಅದೂ ಬೇರೆ ಫೋಲ್ಡರಿಗೆ, ಉಳಿದದ್ದು ಸ್ಲೇಡ್. ಅಂದ ಹಾಗೆ ಕಿಂಡಿಯನ್ನು ಮೊದಲು ಆಟದ ಅಳತೆಯಲ್ಲಿ 36 ಅಗಲಕ್ಕೆ ಮಾಡಿದ್ದೆ. ಆಟಗಾರನ ಅಗಲ 32, ಬಂದೂಕಿನ ಸೈನಿಕನದು 40. ಓಬವ್ವ ಹೊರಗೆ ಹೋಗಿಬರಬಹುದು, ಹೈದರನ ಕಡೆಯವರು ಒಬ್ಬರೂ ಒಳಗೆ ಬರಲಾರರು. ಚರಿತ್ರೆಯೇ ನಡೆಯಲಿಲ್ಲ! ಈಗ 48 ಮಾಡಿದ್ದೇನೆ, ಒಬ್ಬೊಬ್ಬರಾಗಿ ಬರುತ್ತಾರೆ.

ಒನಕೆ ಅಜ್ಜಿ ಮನೆಯದು, ಹಿಡಿದ ಕೈ ಅಮ್ಮನದು. ಮೊದಲ ಸಲ ತೆಗೆದಾಗ ಹಿಂದಿನ ಹಸಿರು ಸೀರೆಯ ಜೊತೆ ಅಮ್ಮನ ಹಸಿರು ಗಾಜಿನ ಬಳೆಯೂ ಅಳಿಸಿಹೋಗಿ, ಮಣಿಕಟ್ಟು ಬೇರೆ ಕೈ ಬೇರೆಯಾಗಿ ತೇಲುತ್ತಿತ್ತು. ನೀಲಿ ಬೆಡ್‌ಶೀಟ್ ಕಟ್ಟಿ ಮತ್ತೆ ತೆಗೆದೆ. ಮೊನ್ನೆ ಎಲ್ಲ ಮುಗಿಸಿ ಅಮ್ಮನನ್ನು ಕರೆದು ಆಡಿ ತೋರಿಸಿದೆ. ಕೋಟೆ ನೋಡಲಿಲ್ಲ, ಸೈನಿಕರನ್ನು ನೋಡಲಿಲ್ಲ. "ಒನಕೆ ಹಂಗೆ ತುದಿ ಹಿಡೀತಾರೇನೋ, ನಡುವೆ ಹಿಡೀಬೇಕು. ನೀನು ಹಿಡಿ ಅಂದಂಗೆ ಹಿಡಿದೆ, ನಂದೇನು ತಪ್ಪು?" ಅಂದಳು. ನಾಳೆ ಮತ್ತೆ ನಾಲ್ಕು ಫೋಟೋ. ಹೆಸರು, ಅಳತೆ, ಪ್ಯಾಲೆಟ್ ಎಲ್ಲ ಸಿದ್ಧ ಇದೆ, ಬದಲಿಸುವುದಕ್ಕೆ ಐದು ನಿಮಿಷ ಸಾಕು. ಬೆಡ್‌ಶೀಟ್ ಒಗೆಯಲು ಹಾಕಿದ್ದಾರೆ, ಅದು ಒಣಗಬೇಕು.